ಪ್ಲೇಟ್ ಪ್ರೊಸೆಸರ್‌ನ ಸೆನ್ಸರ್ ದೋಷ ಮತ್ತು ಅದರ ಪತ್ತೆ

ಆಫ್‌ಸೆಟ್ ಮುದ್ರಣದ ಅಲ್ಯೂಮಿನಿಯಂ ಪ್ಲೇಟನ್ನು ಬೆಳಕಿಗೆ ಒಡ್ಡಿದ ಮೇಲೆ ಡೆವಲಪರ್ ದ್ರಾವಣದಲ್ಲಿ ಹಾಯಿಸಿ, ತೊಳೆದು, ಗೋಂದು ಸವರಿ, ಒಣಗಿಸಿ ಹೊರಗೆ ಕೊಡುವ ಯಂತ್ರವೇ ಪ್ಲೇಟ್ ಪ್ರೊಸೆಸರ್. ಪ್ಲೇಟ್ ಬಂತೇ, ಅದರ ಅಗಲ ಉದ್ದ ಎಷ್ಟು, ದ್ರಾವಣ ಎಷ್ಟು ಬಿಸಿಯಾಗಿದೆ, ತೊಟ್ಟಿಯಲ್ಲಿ ಎಷ್ಟು ಉಳಿದಿದೆ, ಅದರ ಕಸುವು ಹೇಗಿದೆ ಎಂಬುದೆಲ್ಲ ಈ ಯಂತ್ರಕ್ಕೆ ತಿಳಿಯುವುದು ಸೆನ್ಸರ್‌ಗಳಿಂದ ಮಾತ್ರ. ಸೆನ್ಸರ್ ತಪ್ಪು ಹೇಳಿದರೆ ನಿಯಂತ್ರಣ ಮಂಡಳಿ ಆ ತಪ್ಪನ್ನೇ ನಂಬಿ ಪಂಪು, ಹೀಟರ್, ಮೋಟಾರುಗಳನ್ನು ನಡೆಸುತ್ತದೆ. ಸೆನ್ಸರ್ ಪೂರ್ತಿ ಸತ್ತರೆ ಯಂತ್ರ ನಿಲ್ಲುತ್ತದೆ, ಇಲ್ಲವೇ ಪರದೆಯ ಮೇಲೆ ದೋಷಸೂಚನೆ ಬರುತ್ತದೆ. ಅಂಥದ್ದು ಅದೇ ದಿನ ಪತ್ತೆಯಾಗುತ್ತದೆ. ಅರೆಬರೆ ಕೆಟ್ಟ ಸೆನ್ಸರ್‌ನ ಕಥೆ ಬೇರೆ. ಯಂತ್ರ ಓಡುತ್ತಲೇ ಇರುತ್ತದೆ, ಪ್ಲೇಟುಗಳು ಬರುತ್ತಲೇ ಇರುತ್ತವೆ, ಡೆವಲಪರ್ ಮಾತ್ರ ವಾರಗಟ್ಟಲೆ ಹಾದಿ ತಪ್ಪುತ್ತಾ ಹೋಗುತ್ತದೆ. ದೂರು ಬರುವುದು ಪ್ಲೇಟ್ ಕೋಣೆಯಿಂದಲ್ಲ, ಅಚ್ಚಿನ ಯಂತ್ರದ ಬಳಿ ನಿಂತವರಿಂದ. ಆದ್ದರಿಂದ ಸೆನ್ಸರ್ ದೋಷವನ್ನು ಹುಡುಕುವವರು ತಂತಿಯನ್ನು ಓದುವಷ್ಟೇ ಚೆನ್ನಾಗಿ ಪ್ಲೇಟನ್ನೂ ಓದಬಲ್ಲವರಾಗಿರಬೇಕು.

ಪ್ಲೇಟ್ ಮತ್ತು ಅದರ ಸಂಸ್ಕರಣೆ

ಅಲೋಯಿಸ್ ಜೆನೆಫೆಲ್ಡರ್ 1796ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಕಂಡುಕೊಂಡ ಕಲ್ಲಚ್ಚಿನ ತತ್ತ್ವವೇ ಇಂದಿನ ಆಫ್‌ಸೆಟ್‌ಗೂ ಆಧಾರ. ಚಿತ್ರವಿರುವ ಜಾಗ ಎಣ್ಣೆಯ ಶಾಯಿಯನ್ನು ಹಿಡಿಯುತ್ತದೆ, ಉಳಿದ ಜಾಗ ನೀರನ್ನು ಹಿಡಿದು ಶಾಯಿಯನ್ನು ದೂರವಿಡುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹೊರಬಂದದ್ದು ಇದೇ ಕಲ್ಲಚ್ಚಿನಲ್ಲಿ. ಕಲ್ಲಿನ ಜಾಗಕ್ಕೆ ಕಾಲಕ್ರಮದಲ್ಲಿ ಲೋಹದ ತೆಳು ಹಾಳೆ ಬಂತು. ಈಗ ಬಳಕೆಯಲ್ಲಿರುವುದು ಸಾಮಾನ್ಯವಾಗಿ 0.15ರಿಂದ 0.40 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ. ಅದರ ಮೈಯನ್ನು ತರಿತರಿಯಾಗಿಸಿ, ಆನೋಡೈಸ್ ಮಾಡಿ ಗಟ್ಟಿ ಆಕ್ಸೈಡ್ ಪದರ ಬೆಳೆಸಿ, ಮೇಲೆ ಒಂದೆರಡು ಮೈಕ್ರಾನ್ ದಪ್ಪದ ಬೆಳಕುಗ್ರಾಹಿ ಲೇಪ ಕೊಟ್ಟಿರುತ್ತಾರೆ. 1990ರ ದಶಕದ ನಡುವಿನಿಂದ ಹರಡಿದ ಸಿಟಿಪಿ (ಕಂಪ್ಯೂಟರ್-ಟು-ಪ್ಲೇಟ್) ಪದ್ಧತಿಯಲ್ಲಿ ಫಿಲ್ಮಿನ ಮಧ್ಯಸ್ಥಿಕೆ ತಪ್ಪಿ, ಕಂಪ್ಯೂಟರ್ ನೇರವಾಗಿ ಲೇಸರ್‌ನಿಂದ ಪ್ಲೇಟಿನ ಮೇಲೆ ಬರೆಯುತ್ತದೆ. ಥರ್ಮಲ್ ಪ್ಲೇಟಿಗೆ ಸುಮಾರು 830 ನ್ಯಾನೋಮೀಟರ್‌ನ ಅವಕೆಂಪು ಲೇಸರ್, ವಯೊಲೆಟ್ ಪ್ಲೇಟಿಗೆ ಸುಮಾರು 405 ನ್ಯಾನೋಮೀಟರ್‌ನ ನೇರಳೆ ಲೇಸರ್ ಬಳಕೆಯಾಗುತ್ತದೆ.

ಬೆಳಕು ಬಿದ್ದ ಮೇಲೆ ಪಾಸಿಟಿವ್ ಪ್ಲೇಟಿನಲ್ಲಿ ಬೆಳಕು ಕಂಡ ಭಾಗ ಕರಗುತ್ತದೆ. ನೆಗೆಟಿವ್ ಪ್ಲೇಟಿನಲ್ಲಿ ಬೆಳಕು ಕಂಡ ಭಾಗ ಗಟ್ಟಿಯಾಗಿ ಉಳಿದು ಮಿಕ್ಕದ್ದು ಕರಗುತ್ತದೆ. ಕರಗಿಸುವ ಕೆಲಸ ಡೆವಲಪರ್‌ನದು. ಪಾಸಿಟಿವ್ ಪ್ಲೇಟಿನ ಡೆವಲಪರ್ ತೀಕ್ಷ್ಣ ಕ್ಷಾರ, ಅದರಲ್ಲಿ ಸಾಮಾನ್ಯವಾಗಿ ಸೋಡಿಯಂ ಅಥವಾ ಪೊಟ್ಯಾಸಿಯಂ ಸಿಲಿಕೇಟ್ ಇರುತ್ತದೆ. ಅಲ್ಯೂಮಿನಿಯಂ ಕ್ಷಾರದಲ್ಲಿ ಕರಗುವ ಲೋಹವಾದ್ದರಿಂದ, ಲೇಪವನ್ನು ತೆಗೆಯುವ ದ್ರಾವಣ ಪ್ಲೇಟಿನ ಮೈಯನ್ನೇ ತಿನ್ನದಂತೆ ತಡೆಯುವುದು ಈ ಸಿಲಿಕೇಟಿನ ಒಂದು ಮುಖ್ಯ ಕೆಲಸ. ಅದೇ ಸಿಲಿಕೇಟ್ ಒಣಗಿದಾಗ ಗಾಜಿನಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪ್ರೊಸೆಸರ್‌ನ ಸೆನ್ಸರ್‌ಗಳು ಕೆಡುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಡೆವಲಪರ್ ಎರಡು ದಾರಿಯಲ್ಲಿ ಸೊರಗುತ್ತದೆ. ಒಂದೊಂದು ಪ್ಲೇಟ್ ಹಾದುಹೋದಾಗಲೂ ಒಂದಿಷ್ಟು ಕ್ಷಾರ ಖರ್ಚಾಗಿ, ಕರಗಿದ ಲೇಪ ದ್ರಾವಣಕ್ಕೆ ಸೇರುತ್ತದೆ. ಪ್ಲೇಟ್ ಹಾಯದಿದ್ದರೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ನಿಧಾನವಾಗಿ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತಿರುತ್ತದೆ. ಈ ಎರಡು ನಷ್ಟಗಳನ್ನು ತುಂಬಲು ಯಂತ್ರ ಹೊಸ ದ್ರಾವಣವನ್ನು ಎರಡು ಲೆಕ್ಕದಲ್ಲಿ ಹಾಕುತ್ತದೆ: ಹಾದುಹೋದ ಪ್ಲೇಟಿನ ವಿಸ್ತೀರ್ಣಕ್ಕೆ ತಕ್ಕಷ್ಟು, ಕಳೆದ ಗಂಟೆಗಳಿಗೆ ತಕ್ಕಷ್ಟು. ವಿಸ್ತೀರ್ಣದ ಲೆಕ್ಕ ಬರುವುದು ಪ್ರವೇಶದ ಸೆನ್ಸರ್‌ನಿಂದ. ಒಂದು ಪುಟ್ಟ ಸ್ವಿಚ್ಚಿನ ತಪ್ಪು ಇಡೀ ತೊಟ್ಟಿಯ ರಸಾಯನವನ್ನು ಕೆಡಿಸಬಲ್ಲದು ಎಂಬುದರ ಮೂಲ ಇಲ್ಲಿದೆ.

ಯಂತ್ರದಲ್ಲಿರುವ ಸೆನ್ಸರ್‌ಗಳು

ಪ್ಲೇಟ್ ಒಳಹೋಗುವ ಬಾಯಲ್ಲೇ ಪ್ರವೇಶ ಸೆನ್ಸರ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಅದು ಪ್ಲೇಟ್ ತಳ್ಳಿದಾಗ ವಾಲುವ ಸಣ್ಣ ಸನ್ನೆ ಮತ್ತು ಮೈಕ್ರೋಸ್ವಿಚ್. ಸನ್ನೆಯ ತುದಿಗೆ ಅಯಸ್ಕಾಂತ ಕೂರಿಸಿ, ಮುಚ್ಚಿದ ಗಾಜಿನ ಕೊಳವೆಯೊಳಗಿನ ರೀಡ್ ಸ್ವಿಚ್ಚನ್ನು ಎಳೆಯುವ ವ್ಯವಸ್ಥೆ ದ್ರಾವಣದ ಹನಿಗಳಿಗೆ ಹೆದರುವುದಿಲ್ಲ. ಬೆಳಕಿನ ಸೆನ್ಸರ್‌ಗಳಲ್ಲಿ ಪ್ರತಿಫಲನವನ್ನು ನೋಡುವುದು ಒಂದು ಬಗೆ, ಅಡ್ಡ ಬಂದದ್ದನ್ನು ಗುರುತಿಸುವುದು ಇನ್ನೊಂದು. ಲೋಹವನ್ನು ಮುಟ್ಟದೆಯೇ ಗುರುತಿಸುವ ಇಂಡಕ್ಟಿವ್ ಸೆನ್ಸರ್‌ಗಳೂ ಬಳಕೆಯಲ್ಲಿವೆ. ಅಗಲ ತಿಳಿಯಬೇಕಾದ ಕಡೆ ಇಂಥ ಸೆನ್ಸರ್‌ಗಳ ಸಾಲನ್ನೇ ಅಡ್ಡಕ್ಕೆ ಜೋಡಿಸಿರುತ್ತಾರೆ. ಎಷ್ಟು ಸೆನ್ಸರ್‌ಗಳ ಮೇಲೆ ಪ್ಲೇಟ್ ಇದೆಯೋ ಅದೇ ಅಗಲದ ಅಂದಾಜು. ಉದ್ದವನ್ನು ಯಂತ್ರ ಅಳೆಯುವುದಿಲ್ಲ, ರೋಲರ್ ವೇಗವನ್ನು ಸೆನ್ಸರ್ ಒತ್ತಿಕೊಂಡಿದ್ದ ಹೊತ್ತಿನಿಂದ ಗುಣಿಸಿಕೊಳ್ಳುತ್ತದೆ. ಆ ವೇಗವನ್ನು ತಿಳಿಸಲು ಮೋಟಾರಿನ ದಂಡಕ್ಕೆ ಹಾಲ್ ಸೆನ್ಸರ್ ಅಥವಾ ಎನ್‌ಕೋಡರ್ ಇರುತ್ತದೆ.

ತೊಟ್ಟಿಗಳಲ್ಲಿ ಮಟ್ಟ ನೋಡುವ ತೇಲುಬುರುಡೆಗಳೋ ಎಲೆಕ್ಟ್ರೋಡುಗಳೋ ಇರುತ್ತವೆ. ಡೆವಲಪರ್‌ನ ತಾಪವನ್ನು ಎನ್‌ಟಿಸಿ ಥರ್ಮಿಸ್ಟರ್ ಅಥವಾ ಪಿಟಿ-100 ಎಂಬ ಪ್ಲಾಟಿನಂ ರೋಧಕ ಹೇಳುತ್ತದೆ. ಕೆಲವು ಯಂತ್ರಗಳಲ್ಲಿ ದ್ರಾವಣದ ವಿದ್ಯುದ್ವಾಹಕತೆಯನ್ನು ಅಳೆದು ಅದರಂತೆ ಹೊಸ ದ್ರಾವಣ ಹಾಕುವ ಏರ್ಪಾಡು ಉಂಟು. ಒಣಗಿಸುವ ಭಾಗಕ್ಕೆ ತನ್ನದೇ ತಾಪ ಸೆನ್ಸರ್ ಇದೆ. ಮುಚ್ಚಳದ ಸುರಕ್ಷಾ ಸ್ವಿಚ್, ತೊಳೆಯುವ ನೀರಿನ ಹರಿವಿನ ಸ್ವಿಚ್ ಇವೆಲ್ಲ ಅದೇ ಬಳಗದವು. ಡೆವಲಪರ್ ಬೇಡದ, ಗೋಂದಿನಲ್ಲೇ ಲೇಪ ತೊಳೆಯುವ ಕ್ಲೀನ್‌ಔಟ್ ಯಂತ್ರಗಳಲ್ಲಿ ವಾಹಕತೆಯ ಸೆನ್ಸರ್ ಇರುವುದಿಲ್ಲ. ಪ್ರವೇಶ, ಮಟ್ಟ, ತಾಪದ ಸೆನ್ಸರ್‌ಗಳು ಅಲ್ಲಿಯೂ ಇವೆ.

ದೋಷದ ಲಕ್ಷಣಗಳು

ಪ್ಲೇಟ್ ತಳ್ಳಿದರೂ ಯಂತ್ರ ಏಳುವುದಿಲ್ಲ, ರೋಲರ್‌ಗಳು ತಿರುಗುವುದಿಲ್ಲ ಎಂದರೆ ಪ್ರವೇಶ ಸೆನ್ಸರ್ ಕುರುಡಾಗಿದೆ ಎಂದು ಯಾರಾದರೂ ಊಹಿಸಬಹುದು. ಪ್ಲೇಟ್ ಹೊರಬಂದು ಹತ್ತು ನಿಮಿಷವಾದರೂ ಯಂತ್ರ ನಿದ್ರಾಸ್ಥಿತಿಗೆ ಮರಳದಿದ್ದರೆ ಸೆನ್ಸರ್ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ ಎಂದರ್ಥ. ಸಿಟಿಪಿ ಯಂತ್ರಕ್ಕೆ ಸೇತುವೆಯಿಂದ ನೇರ ಜೋಡಿಸಿದ ಪ್ರೊಸೆಸರ್ ಆಗಿದ್ದರೆ ಇಂಥ ಸಮಯದಲ್ಲಿ ‘ಮುಂದಿನ ಪ್ಲೇಟ್ ಕಳಿಸು’ ಎಂಬ ಸಂಕೇತ ಹೋಗುವುದಿಲ್ಲ, ಲೇಸರ್ ಯಂತ್ರವೂ ಕಾಯುತ್ತಾ ನಿಲ್ಲುತ್ತದೆ. ಆಗ ಬಹಳ ಸಲ ಸಿಟಿಪಿಯೇ ಕೆಟ್ಟಿದೆ ಎಂದು ಅಲ್ಲಿ ಹುಡುಕಾಟ ಶುರುವಾಗುತ್ತದೆ.

ಸಿಕ್ಕಿಕೊಂಡ ಸೆನ್ಸರ್‌ನ ಹಾನಿ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಉದಾಹರಣೆಗೆ 1030 × 790 ಮಿ.ಮೀ. ಪ್ಲೇಟಿನ ವಿಸ್ತೀರ್ಣ ಸುಮಾರು 0.81 ಚದರ ಮೀಟರ್. ಚದರ ಮೀಟರಿಗೆ 100 ಮಿ.ಲೀ. ಎಂದು ನಿಗದಿಯಾಗಿದ್ದರೆ ಒಂದು ಪ್ಲೇಟಿಗೆ ಸುಮಾರು 81 ಮಿ.ಲೀ. ಹೊಸ ದ್ರಾವಣ ಹೋಗಬೇಕು. ರೋಲರ್ ವೇಗ ನಿಮಿಷಕ್ಕೆ 1 ಮೀಟರ್ ಆಗಿದ್ದರೆ 790 ಮಿ.ಮೀ. ಉದ್ದ ಹಾಯಲು 47 ಸೆಕೆಂಡು ಸಾಕು. ಸನ್ನೆ ಒಂದೇ ಒಂದು ನಿಮಿಷ ತಡವಾಗಿ ಮೇಲೆದ್ದರೂ ಯಂತ್ರ ಒಂದು ಮೀಟರ್ ಹೆಚ್ಚು ಉದ್ದ ಎಂದುಕೊಂಡು ಇನ್ನೂ 103 ಮಿ.ಲೀ. ಸುರಿಯುತ್ತದೆ. ಅಂದರೆ ಎರಡು ಪ್ಲೇಟಿನದಕ್ಕಿಂತ ಹೆಚ್ಚು ದ್ರಾವಣ ಒಂದೇ ಪ್ಲೇಟಿಗೆ. ಸೆನ್ಸರ್ ಒಂದು ಗಂಟೆ ಹಾಗೆಯೇ ಉಳಿದರೆ ಸುಮಾರು 6.2 ಲೀಟರ್, 20 ಲೀಟರ್ ಕ್ಯಾನು ಮೂರೂಕಾಲು ಗಂಟೆಯಲ್ಲಿ ಖಾಲಿ. ರಾತ್ರಿ ಪಾಳಿಯಲ್ಲಿ ಯಾರೂ ಗಮನಿಸದೆ ಹೀಗಾದರೆ ಬೆಳಿಗ್ಗೆ ಬಂದವರಿಗೆ ಕಾಣುವುದು ಬರಿದಾದ ಕ್ಯಾನು ಮತ್ತು ತೊಟ್ಟಿಯಲ್ಲಿ ಅತಿ ತೀಕ್ಷ್ಣವಾದ ಡೆವಲಪರ್.

ಅದರ ಗುರುತು ಪ್ಲೇಟಿನ ಮೇಲೆ ಹೀಗೆ ಮೂಡುತ್ತದೆ. ಪಾಸಿಟಿವ್ ಪ್ಲೇಟಿನಲ್ಲಿ ತೆಳು ಛಾಯೆಯ ಸಣ್ಣ ಚುಕ್ಕಿಗಳು ಮೊದಲು ಮಾಯವಾಗುತ್ತವೆ, ಅರ್ಧ ಛಾಯೆಯ 50 ಶೇಕಡಾ ಡಾಟ್ ಅಳತೆಯಲ್ಲಿ ಕೆಳಗಿಳಿಯುತ್ತದೆ, ಚಿತ್ರದ ಭಾಗ ಬೆಳ್ಳಗಾಗುತ್ತದೆ, ಅಚ್ಚಿನಲ್ಲಿ ಪ್ಲೇಟ್ ಬಹುಬೇಗ ಸವೆಯುತ್ತದೆ. ಇದಕ್ಕೆ ವಿರುದ್ಧವಾಗಿ ಸೆನ್ಸರ್ ಕೆಲವು ಪ್ಲೇಟುಗಳನ್ನು ನೋಡದೇ ಬಿಟ್ಟರೆ ಅಥವಾ ಅಗಲದ ಸಾಲಿನಲ್ಲಿ ಒಂದು ಸತ್ತಿದ್ದರೆ ಹೊಸ ದ್ರಾವಣ ಕಡಿಮೆ ಬೀಳುತ್ತದೆ. ಆಗ ಖಾಲಿ ಜಾಗದಲ್ಲಿ ಲೇಪದ ತೆಳು ಪೊರೆ ಉಳಿದು ಶಾಯಿ ಹಿಡಿಯುತ್ತದೆ. ಪ್ರೆಸ್ಸಿನವರು ಇದನ್ನು ಟೋನಿಂಗ್, ಸ್ಕಮ್ಮಿಂಗ್ ಎನ್ನುತ್ತಾರೆ. ಮುದ್ರಕರು ಇದನ್ನು ನೀರು ಹೆಚ್ಚಿಸಿ ಸರಿಮಾಡಲು ನೋಡುತ್ತಾರೆ. ಹಾಗಾಗಿ ಮೂಲ ದೋಷ ಇನ್ನಷ್ಟು ದಿನ ಮುಚ್ಚಿಹೋಗುತ್ತದೆ.

ಮೆಲ್ಲಗೆ ನಡೆಯುವ ಈ ತಪ್ಪನ್ನು ಹಿಡಿಯಲು ಅತ್ಯುತ್ತಮ ಉಪಾಯಕ್ಕೆ ಯಾವ ಉಪಕರಣವೂ ಬೇಡ. ಬಹುಪಾಲು ಪ್ರೊಸೆಸರ್‌ಗಳು ತಾವು ಸಂಸ್ಕರಿಸಿದ ಒಟ್ಟು ಚದರ ಮೀಟರನ್ನು ಎಣಿಸಿ ಇಡುತ್ತವೆ. ಸಿಟಿಪಿ ಯಂತ್ರ ಅದೇ ದಿನ ಬರೆದ ಪ್ಲೇಟುಗಳ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಮೇಲಿನ ಅಳತೆಯ 40 ಪ್ಲೇಟುಗಳಿಗೆ 32.5 ಚದರ ಮೀಟರ್ ಆಗಬೇಕು. ಪ್ರೊಸೆಸರ್ 39 ಎಂದು ತೋರಿಸುತ್ತಿದ್ದರೆ ಸೆನ್ಸರ್ 20 ಶೇಕಡಾ ಹೆಚ್ಚು ಹೇಳುತ್ತಿದೆ, ದ್ರಾವಣವೂ ಅಷ್ಟೇ ಹೆಚ್ಚು ಬೀಳುತ್ತಿದೆ. ಸೆನ್ಸರ್ ಸರಿಯಾಗಿಯೇ ಇದ್ದು, ಪ್ಲೇಟುಗಳನ್ನು ಒಂದರ ಬೆನ್ನಿಗೆ ಒಂದು ಸಾಕಷ್ಟು ಅಂತರವಿಲ್ಲದೆ ತಳ್ಳಿದರೂ ನಡುವಿನ ಸಂದನ್ನೂ ಸೇರಿಸಿ ಒಂದೇ ಉದ್ದ ಪ್ಲೇಟ್ ಎಂದು ಎಣಿಕೆಯಾಗಬಹುದು. ಆದ್ದರಿಂದ ಪರೀಕ್ಷೆಯ ದಿನ ಅಂತರ ಬಿಟ್ಟೇ ಪ್ಲೇಟ್ ಹಾಕಬೇಕು.

ಪತ್ತೆಯ ಕ್ರಮ

ಹೊಸ ಸೆನ್ಸರ್ ತರಿಸುವ ಮುನ್ನ ಹಳೆಯದನ್ನು ತೊಳೆದು ನೋಡಬೇಕು. ಪ್ರೊಸೆಸರ್‌ನಲ್ಲಿ ‘ಕೆಟ್ಟ ಸೆನ್ಸರ್’ ಎನಿಸಿಕೊಂಡವುಗಳಲ್ಲಿ ಬಹಳಷ್ಟು ಕೊಳೆ ಹಿಡಿದವು, ಜಾಗ ಸರಿದವು, ಇಲ್ಲವೇ ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಕಟ್ಟಿದವು. ಸ್ವಚ್ಛತೆಯಲ್ಲೂ ಒಂದು ಕ್ರಮವಿದೆ. ಸಿಲಿಕೇಟಿನ ಮೇಲೆ ನೇರವಾಗಿ ಆಮ್ಲ ಬಿದ್ದರೆ ಅದು ಕರಗುವ ಬದಲು ಜೆಲ್ಲಿಯಂತೆ ಹೆಪ್ಪುಗಟ್ಟಿ ಸಂದುಗೊಂದುಗಳಲ್ಲಿ ಕೂರುತ್ತದೆ. ಆದ್ದರಿಂದ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ನೆನೆಸಿ ತೊಳೆದು, ಆಮೇಲೆ ಉಳಿದ ಸುಣ್ಣದ ಪೊರೆಗೆ ಮಾತ್ರ ಸಿಟ್ರಿಕ್ ಆಮ್ಲದಂಥ ಸೌಮ್ಯ ಆಮ್ಲ ಬಳಸಬೇಕು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಊರುಗಳಲ್ಲಿ ತೊಳೆಯುವ ಭಾಗದ ತೇಲುಬುರುಡೆಗೂ ಹರಿವಿನ ಸ್ವಿಚ್ಚಿಗೂ ಈ ಸುಣ್ಣ ಬೇಗ ಕಟ್ಟುತ್ತದೆ. ಪ್ಲಾಸ್ಟಿಕ್ ಮಸೂರವನ್ನು ಅಸಿಟೋನಿನಲ್ಲಿ ಒರೆಸಿದರೆ ಅದು ಮಂಜಾಗಿ, ಸರಿಯಿದ್ದ ಸೆನ್ಸರೇ ಕೆಡುತ್ತದೆ.

ತೊಳೆದ ಮೇಲೂ ದೋಷ ಉಳಿದರೆ ಸೆನ್ಸರ್, ತಂತಿ, ನಿಯಂತ್ರಣ ಮಂಡಳಿ ಎಂಬ ಮೂರು ಜಾಗಗಳಲ್ಲಿ ಅದು ಎಲ್ಲಿದೆ ಎಂದು ಬೇರ್ಪಡಿಸಬೇಕು. ಹೊಸ ಯಂತ್ರಗಳ ಸರ್ವಿಸ್ ಪುಟದಲ್ಲಿ ಪ್ರತಿ ಇನ್‌ಪುಟ್ಟಿನ ಸ್ಥಿತಿ 0 ಅಥವಾ 1 ಎಂದು ಕಾಣುತ್ತದೆ. ಸೆನ್ಸರ್ ಮೈಮೇಲೂ ಒಂದು ಎಲ್‌ಇಡಿ ಇರುತ್ತದೆ. ಪ್ಲೇಟಿನ ತುಂಡನ್ನು ಹಿಡಿದಾಗ ಎಲ್‌ಇಡಿ ಬದಲಾಗಿ, ಪರದೆಯ ಅಂಕಿ ಬದಲಾಗದಿದ್ದರೆ ದೋಷ ತಂತಿಯಲ್ಲಿದೆ ಅಥವಾ ಮಂಡಳಿಯಲ್ಲಿದೆ. ಎಲ್‌ಇಡಿಯೇ ಬದಲಾಗದಿದ್ದರೆ ಸೆನ್ಸರ್‌ಗೆ ವಿದ್ಯುತ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಬೇಕು. ಮೂರು ತಂತಿಯ ಔದ್ಯಮಿಕ ಸೆನ್ಸರ್‌ಗಳಲ್ಲಿ ಕಂದು ಧನ, ನೀಲಿ ಋಣ, ಕಪ್ಪು ಸಂಕೇತದ ತಂತಿ. ಕಂದು ಮತ್ತು ನೀಲಿಯ ನಡುವೆ ಬಹಳ ಕಡೆ 24 ವೋಲ್ಟ್ ಡಿಸಿ ಇರುತ್ತದೆ. 12 ಅಥವಾ 5 ವೋಲ್ಟಿನವೂ ಇವೆಯಾದ್ದರಿಂದ ಯಂತ್ರದ ನಕ್ಷೆ ನೋಡುವುದು ಕ್ಷೇಮ. ಪಿಎನ್‌ಪಿ ಬಗೆಯದು ಚಾಲೂ ಆದಾಗ ಕಪ್ಪು ತಂತಿ ಧನದ ಹತ್ತಿರಕ್ಕೆ ಏರುತ್ತದೆ, ಎನ್‌ಪಿಎನ್ ಬಗೆಯದರಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ರೀಡ್ ಸ್ವಿಚ್ಚಿಗೆ ವಿದ್ಯುತ್ತೇ ಬೇಡ. ತಂತಿ ಬಿಚ್ಚಿ ರೋಧ ಅಳೆದರೆ ಮುಚ್ಚಿದಾಗ ಸೊನ್ನೆಯ ಹತ್ತಿರ, ತೆರೆದಾಗ ಅನಂತ ತೋರಬೇಕು. ಮುಚ್ಚಿದ ಸ್ಥಿತಿಯಲ್ಲಿ ಹತ್ತಾರು ಓಮ್ ತೋರಿಸುವ ರೀಡ್ ಸ್ವಿಚ್ಚನ್ನು ನಂಬಬಾರದು.

ಅಗಲದ ಸಾಲಿನಲ್ಲಿ ಒಂದೇ ಬಗೆಯ ಸೆನ್ಸರ್‌ಗಳು ಇರುವುದರಿಂದ ಅಕ್ಕಪಕ್ಕದವನ್ನು ಅದಲುಬದಲು ಮಾಡುವುದು ಸುಲಭದ, ಬಹಳ ನಂಬಬಹುದಾದ ಪರೀಕ್ಷೆ. ದೋಷ ಸೆನ್ಸರ್ ಜೊತೆಗೆ ಹೊಸ ಜಾಗಕ್ಕೆ ಹೋದರೆ ಸೆನ್ಸರ್ ಕೆಟ್ಟಿದೆ, ಹಳೆಯ ಜಾಗದಲ್ಲೇ ಉಳಿದರೆ ತಂತಿಯನ್ನು ನೋಡಬೇಕು.

ಬಿಟ್ಟು ಬಿಟ್ಟು ಬರುವ ದೋಷವೇ ಎಲ್ಲಕ್ಕಿಂತ ಕಠಿಣ. ತಂತಿಯನ್ನು ಉದ್ದಕ್ಕೂ ಮೆಲ್ಲಗೆ ಅಲುಗಿಸುತ್ತಾ ಪರದೆಯ ಅಂಕಿಯನ್ನು ನೋಡಬೇಕು. ಮುಚ್ಚಳ ತೆರೆದು ಮುಚ್ಚುವಲ್ಲಿ, ಗೋಡೆ ದಾಟುವಲ್ಲಿ ತಂತಿಯ ಎಳೆ ಹೊರಗೆ ಕಾಣದಂತೆ ಮುರಿದಿರುತ್ತದೆ. ದೋಷ ಬಂದ ಹೊತ್ತನ್ನು ಬರೆದಿಡುವುದು ಬಹಳ ಪ್ರಯೋಜನಕಾರಿ. ಬೆಳಿಗ್ಗೆ ಯಂತ್ರ ಶುರುಮಾಡಿದಾಗ ಮಾತ್ರ ಬರುವುದಾದರೆ ರಾತ್ರಿ ಕಟ್ಟಿದ ಇಬ್ಬನಿ ಅಥವಾ ಒಣಗಿ ಅಂಟಿದ ಗೋಂದು ಕಾರಣವಿರಬಹುದು. ಡ್ರೈಯರ್ ಹೀಟರ್ ಹೊತ್ತಿದಾಗಲೋ ಮೋಟಾರ್ ಶುರುವಾದಾಗಲೋ ಬರುವುದಾದರೆ ವಿದ್ಯುತ್ ಗದ್ದಲವನ್ನು ಅನುಮಾನಿಸಬೇಕು. ಸಂಕೇತದ ತಂತಿಯನ್ನು ಮೋಟಾರ್ ತಂತಿಯ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದಿದ್ದರೆ ಬೇರ್ಪಡಿಸುವುದು, ಕವಚದ ತಂತಿಯನ್ನು ಮಂಡಳಿಯ ಬದಿಯಲ್ಲಿ ಸರಿಯಾಗಿ ನೆಲಕ್ಕೆ ಜೋಡಿಸುವುದು ಪರಿಹಾರ.

ಪ್ರವೇಶ ಸೆನ್ಸರ್‌ನ ವಿಶೇಷ ತೊಂದರೆಗಳು

ಪ್ರತಿಫಲನ ನೋಡುವ ಅವಕೆಂಪು ಸೆನ್ಸರ್ ಥರ್ಮಲ್ ಪ್ಲೇಟಿನ ಲೇಪದ ಕಡೆಗೆ ಮುಖ ಮಾಡಿದ್ದರೆ ತೊಡಕು ಬರಬಹುದು. ಆ ಲೇಪದಲ್ಲಿ ಅವಕೆಂಪನ್ನು ಹೀರುವ ಬಣ್ಣವನ್ನು ಬೇಕೆಂದೇ ಬೆರೆಸಿರುತ್ತಾರೆ. ಸೆನ್ಸರ್‌ನ ಬೆಳಕೂ ಅದರಲ್ಲಿ ಒಂದಿಷ್ಟು ಇಂಗುತ್ತದೆ. ಒಂದು ಕಂಪನಿಯ ಪ್ಲೇಟಿಗೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಇನ್ನೊಂದು ಬಗೆಯ ಪ್ಲೇಟಿಗೆ ಬದಲಾದ ದಿನವೇ ತಪ್ಪು ಮಾಡತೊಡಗಿದರೆ ಕಾರಣ ಇಲ್ಲಿರಬಹುದು. ಪ್ಲೇಟಿನ ಬರಿ ಬೆನ್ನನ್ನು ಕೆಳಗಿನಿಂದ ನೋಡುವಂತೆ ಸೆನ್ಸರ್ ಕೂರಿಸಿದರೆ ಲೇಪದ ಬಣ್ಣದ ಗೊಡವೆ ಇರುವುದಿಲ್ಲ. ಆದರೆ ಮೇಲ್ಮುಖವಾಗಿರುವ ಮಸೂರದ ಮೇಲೆ ಧೂಳು, ಹನಿ ಕೂರುವ ತೊಂದರೆ ಹೆಚ್ಚುತ್ತದೆ. ಪ್ಲೇಟುಗಳ ನಡುವಿನ ರಕ್ಷಾ ಕಾಗದ ಅಕಸ್ಮಾತ್ ಒಳಹೋದರೆ ಬೆಳಕಿನ ಸೆನ್ಸರ್ ಅದನ್ನೂ ಪ್ಲೇಟೆಂದೇ ಎಣಿಸುತ್ತದೆ, ಇಂಡಕ್ಟಿವ್ ಸೆನ್ಸರ್ ಎಣಿಸುವುದಿಲ್ಲ. ಕಿಟಕಿಯ ಬಿಸಿಲು ನೇರ ಬೀಳುವ ಕೋಣೆಯಲ್ಲಿ ದಿನದ ಒಂದೇ ಹೊತ್ತಿಗೆ ದೋಷ ಕಾಣಿಸಿಕೊಳ್ಳುವುದೂ ಉಂಟು.

ಇಂಡಕ್ಟಿವ್ ಸೆನ್ಸರ್‌ನ ಮಿತಿ ಬೇರೆ. ಅದರ ಮೇಲೆ ಬರೆದಿರುವ ದೂರ ಉಕ್ಕಿನ ಲೆಕ್ಕದ್ದು. ಸಾಮಾನ್ಯ ಬಗೆಯ ಸೆನ್ಸರ್ ಅಲ್ಯೂಮಿನಿಯಂ ಅನ್ನು ಆ ದೂರದ ಮೂರನೇ ಒಂದು ಭಾಗದಿಂದ ಸುಮಾರು ಅರ್ಧದವರೆಗಿನ ದೂರದಲ್ಲಷ್ಟೇ ಗುರುತಿಸುತ್ತದೆ. 8 ಮಿ.ಮೀ. ಎಂದು ಬರೆದದ್ದು ಪ್ಲೇಟಿಗೆ ಸುಮಾರು 3 ಮಿ.ಮೀ. ಆಗುತ್ತದೆ. ಅಂಚು ಮೇಲಕ್ಕೆ ಸುರುಳಿದ ತೆಳು ಪ್ಲೇಟ್ ಆ ಸಣ್ಣ ಅಂತರವನ್ನು ಸುಲಭವಾಗಿ ಮೀರುತ್ತದೆ, ಸೆನ್ಸರ್ ನಡುನಡುವೆ ‘ಪ್ಲೇಟ್ ಮುಗಿಯಿತು’ ಎನ್ನುತ್ತದೆ. ಇಲ್ಲಿ ಸೆನ್ಸರ್ ಬದಲಿಸಿದರೆ ಏನೂ ಆಗುವುದಿಲ್ಲ. ಅದನ್ನು ಹತ್ತಿರಕ್ಕೆ ತರಬೇಕು ಅಥವಾ ಪ್ಲೇಟನ್ನು ಒತ್ತಿಹಿಡಿಯುವ ಮಾರ್ಗದರ್ಶಿಯನ್ನು ಸರಿಪಡಿಸಬೇಕು. ಸನ್ನೆಯ ಬಗೆಯದರಲ್ಲಿ ಹೆಚ್ಚಿನ ತೊಂದರೆಗಳು ಯಾಂತ್ರಿಕವಾದವು: ಒಣಗಿದ ದ್ರಾವಣದಿಂದ ಬಿಗಿದ ಕೀಲು, ಸೊರಗಿದ ಸ್ಪ್ರಿಂಗ್, ಸನ್ನೆಯಿಂದ ಜಾರಿದ ಅಯಸ್ಕಾಂತ.

ತಾಪ ಸೆನ್ಸರ್

ಡೆವಲಪರ್‌ನ ತಾಪ ನಿಗದಿಯಾದುದರಿಂದ ಅರ್ಧ ಡಿಗ್ರಿಗಿಂತ ಹೆಚ್ಚು ಸರಿಯಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಪಿಟಿ-100ರ ರೋಧ 0° ಸೆಲ್ಸಿಯಸ್‌ನಲ್ಲಿ 100 ಓಮ್, 25°ಯಲ್ಲಿ 109.73 ಓಮ್; ಒಂದು ಡಿಗ್ರಿಗೆ ಏರುವುದು ಬರೀ 0.39 ಓಮ್. ಎರಡು ತಂತಿಯಲ್ಲಿ ಜೋಡಿಸಿದ ಪಿಟಿ-100ರ ಕನೆಕ್ಟರ್ ಕಿಲುಬು ಹಿಡಿದು 0.4 ಓಮ್ ರೋಧ ಸೇರಿಸಿದರೆ ಸಾಕು, ಯಂತ್ರಕ್ಕೆ ದ್ರಾವಣ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕಾಣುತ್ತದೆ. ಅದು ಹೀಟರನ್ನು ಬೇಗ ಆರಿಸಿ ದ್ರಾವಣವನ್ನು ಒಂದು ಡಿಗ್ರಿ ತಂಪಾಗಿಯೇ ಇಡುತ್ತದೆ. ಮೂರು ಅಥವಾ ನಾಲ್ಕು ತಂತಿಯ ಜೋಡಣೆ ಇರುವುದು ತಂತಿಯ ರೋಧದಿಂದ ಬರುವ ಈ ತಪ್ಪನ್ನು ಕಳೆಯುವುದಕ್ಕೇ.

ಎನ್‌ಟಿಸಿಯಲ್ಲಿ ಬಿಸಿ ಏರಿದಂತೆ ರೋಧ ಇಳಿಯುತ್ತದೆ. 25°ಯಲ್ಲಿ 10,000 ಓಮ್ ಇರುವ ಸಾಮಾನ್ಯ ಥರ್ಮಿಸ್ಟರ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 4 ಶೇಕಡಾ, ಅಂದರೆ 400 ಓಮಿಗೂ ಹೆಚ್ಚು ಬದಲಾವಣೆ. ಆದ್ದರಿಂದ ಕಿಲುಬಿನ ಒಂದೆರಡು ಓಮ್ ಅದಕ್ಕೆ ಲೆಕ್ಕವಿಲ್ಲ. ಅದನ್ನು ಕೆಡಿಸುವುದು ತೇವ. ಸೀಲು ಸೋರಿ ದ್ರಾವಣ ಒಳಹೊಕ್ಕು, ಎರಡು ತಂತಿಗಳ ನಡುವೆ 2,20,000 ಓಮಿನಷ್ಟು ಸೋರಿಕೆಯ ದಾರಿ ಮಾಡಿಕೊಂಡರೂ ಒಟ್ಟು ರೋಧ ಸುಮಾರು 4 ಶೇಕಡಾ ಇಳಿದು, ಸೆನ್ಸರ್ ಒಂದು ಡಿಗ್ರಿ ಹೆಚ್ಚು ಹೇಳುತ್ತದೆ. ಎರಡೂ ಬಗೆಯ ಸೆನ್ಸರ್‌ಗಳಲ್ಲಿ ಸಾಮಾನ್ಯ ಕೆಡುಕು ಒಂದೇ ಕಡೆಗೆ ಎಳೆಯುತ್ತದೆ ಎಂಬುದು ಗಮನಿಸತಕ್ಕದ್ದು: ಪರದೆಯಲ್ಲಿ ಸರಿಯಾದ ಅಂಕಿ, ತೊಟ್ಟಿಯಲ್ಲಿ ತಣ್ಣಗಿನ ದ್ರಾವಣ, ಪ್ಲೇಟಿನಲ್ಲಿ ಅರೆ ಕರಗಿದ ಲೇಪ.

ತಂತಿ ಪೂರ್ತಿ ತುಂಡಾದಾಗ ಮಾತ್ರ ಎರಡರ ನಡತೆ ಬೇರೆಯಾಗುತ್ತದೆ. ಪಿಟಿ-100ರ ತಂತಿ ತುಂಡಾದರೆ ಅತಿ ಬಿಸಿ ಎಂದು ತೋರಿ ಹೀಟರ್ ನಿಲ್ಲುತ್ತದೆ. ಎನ್‌ಟಿಸಿಯ ತಂತಿ ತುಂಡಾದರೆ ಅತಿ ತಂಪು ಎಂದು ತೋರುತ್ತದೆ. ತುಂಡನ್ನು ಗುರುತಿಸುವ ಏರ್ಪಾಡು ಮಂಡಳಿಯಲ್ಲಿ ಇಲ್ಲದಿದ್ದರೆ ಹೀಟರ್ ಉರಿಯುತ್ತಲೇ ಇರುತ್ತದೆ. ಹೀಟರಿನ ಮೇಲಿರುವ ಪ್ರತ್ಯೇಕ ಉಷ್ಣರಕ್ಷಕ ಸ್ವಿಚ್ಚನ್ನು ಯಾವ ಕಾರಣಕ್ಕೂ ತೆಗೆದುಹಾಕಬಾರದು ಎಂಬುದಕ್ಕೆ ಇದೇ ಕಾರಣ. ತಾಪ ಸೆನ್ಸರನ್ನು ಪರೀಕ್ಷಿಸಲು ನಂಬಿಕಸ್ಥ ಬೇರೊಂದು ಥರ್ಮಾಮೀಟರ್ ಬೇಕು. ಪರಿಚಲನೆ ಪಂಪು ಕಾಲುಗಂಟೆಯಾದರೂ ಓಡಿದ ಮೇಲೆ ತೊಟ್ಟಿಯ ಎರಡು ಮೂರು ಕಡೆ ಅಳೆಯಬೇಕು. ಜಾಗದಿಂದ ಜಾಗಕ್ಕೆ ಒಂದು ಡಿಗ್ರಿ ವ್ಯತ್ಯಾಸ ಕಂಡರೆ ಸೆನ್ಸರ್ ನಿರಪರಾಧಿ, ಪಂಪು ಅಥವಾ ಫಿಲ್ಟರ್ ಕಟ್ಟಿದೆ. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯಲ್ಲಿ ಕೋಣೆಯೇ 40°ಯ ಹತ್ತಿರವಿದ್ದರೆ ಸೆನ್ಸರ್ ‘ಬಿಸಿ ಹೆಚ್ಚು’ ಎನ್ನುವುದು ನಿಜವೇ ಆಗಿರಬಹುದು. ಆಗ ನೋಡಬೇಕಾದದ್ದು ತಂಪುಕಾರಕವನ್ನು.

ಮಟ್ಟ ಮತ್ತು ವಾಹಕತೆ

ತೇಲುಬುರುಡೆ ಕೆಳಗೆ ಅಂಟಿಕೊಂಡರೆ ಯಂತ್ರ ತೊಟ್ಟಿ ಖಾಲಿಯೆಂದು ತುಂಬುತ್ತಲೇ ಹೋಗಿ ದ್ರಾವಣ ಚೆಲ್ಲುತ್ತದೆ. ಮೇಲೆ ಅಂಟಿಕೊಂಡರೆ ತೊಟ್ಟಿ ನಿಜವಾಗಿ ಖಾಲಿಯಾದಾಗಲೂ ಹೀಟರ್, ಪಂಪುಗಳು ದ್ರಾವಣವಿಲ್ಲದೆ ಓಡುತ್ತವೆ. ಎರಡರಲ್ಲಿ ಇದೇ ಹೆಚ್ಚು ಅಪಾಯದ್ದು. ಬಿಚ್ಚಿ ತೊಳೆದು ಮರಳಿ ಜೋಡಿಸುವಾಗ ಬುರುಡೆಯನ್ನು ತಲೆಕೆಳಗಾಗಿ ಹಾಕುವುದು ಆಗಾಗ ನಡೆಯುವ ತಪ್ಪು. ಹಾಗೆ ಮಾಡಿದರೆ ಹಲವು ಬುರುಡೆಗಳಲ್ಲಿ ತೆರೆಯುವ ಮತ್ತು ಮುಚ್ಚುವ ಅರ್ಥವೇ ಅದಲುಬದಲಾಗುತ್ತದೆ. ಎಲೆಕ್ಟ್ರೋಡ್ ಬಗೆಯದರಲ್ಲಿ ನೊರೆಯೋ ಹರಳುಗಟ್ಟಿದ ಪೊರೆಯೋ ಎರಡು ಕಡ್ಡಿಗಳ ನಡುವೆ ಸೇತುವೆ ಕಟ್ಟಿ, ದ್ರಾವಣವಿಲ್ಲದಿದ್ದರೂ ಇದೆ ಎನಿಸುತ್ತದೆ.

ವಾಹಕತೆಯ ಸೆನ್ಸರ್‌ನಲ್ಲಿ ಎಲೆಕ್ಟ್ರೋಡುಗಳ ಮೇಲೆ ಕೊಳೆ ಕಟ್ಟಿದರೆ ಅಳತೆ ಇಳಿಯುತ್ತದೆ. ದ್ರಾವಣ ಸೊರಗಿದೆ ಎಂದುಕೊಂಡು ಯಂತ್ರ ಹೊಸ ದ್ರಾವಣ ಸುರಿಯುತ್ತದೆ. ಪರೀಕ್ಷೆಗೆ ಗೊತ್ತಿರುವ ವಾಹಕತೆಯ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಗಳು ಸಿಗುತ್ತವೆ. 25°ಯಲ್ಲಿ ಒಂದರದು ಸೆಂಟಿಮೀಟರಿಗೆ 12.88 ಮಿಲಿಸೀಮೆನ್ಸ್, ಇನ್ನೊಂದರದು 111.8. ಡೆವಲಪರ್‌ನ ಅಳತೆಗೆ ಹತ್ತಿರವಾದದ್ದನ್ನು ಆರಿಸಬೇಕು. ವಾಹಕತೆ ಒಂದು ಡಿಗ್ರಿಗೆ ಸುಮಾರು 2 ಶೇಕಡಾ ಬದಲಾಗುವುದರಿಂದ ಈ ಸೆನ್ಸರ್ ಒಳಗೆ ಒಂದು ತಾಪ ಸೆನ್ಸರೂ ಇರುತ್ತದೆ. ಅದು ಎರಡು ಡಿಗ್ರಿ ತಪ್ಪಿದರೆ ವಾಹಕತೆ 4 ಶೇಕಡಾ ತಪ್ಪುತ್ತದೆ, ಎಲೆಕ್ಟ್ರೋಡನ್ನು ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ.

ಸುರಕ್ಷತೆ ಮತ್ತು ಬದಲಾವಣೆ

ಡೆವಲಪರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಸೆನ್ಸರ್ ಬಿಚ್ಚಬಾರದು; ಸಿಡಿದರೆ ಕಾಲುಗಂಟೆ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಬಿಚ್ಚುವ, ಜೋಡಿಸುವ ಕೆಲಸಕ್ಕೆ ಮುಖ್ಯ ವಿದ್ಯುತ್ತನ್ನು ಆರಿಸಿ, ಬೇರೆಯವರು ಹಾಕದಂತೆ ಬೀಗ ಹಾಕಬೇಕು. ಸ್ವಿಚ್ ಬಗೆಯ ಒಂದು ಸೆನ್ಸರ್‌ನ ಎರಡು ತುದಿಗಳನ್ನು ತಂತಿಯಿಂದ ತಾತ್ಕಾಲಿಕವಾಗಿ ಜೋಡಿಸಿ ನೋಡುವುದು ಪತ್ತೆಗೆ ಒಳ್ಳೆಯ ದಾರಿ, ಆದರೆ ಮುಚ್ಚಳದ ಸುರಕ್ಷಾ ಸ್ವಿಚ್ಚಿಗೂ ಉಷ್ಣರಕ್ಷಕಕ್ಕೂ ಅದು ಸಲ್ಲದು. ತಿರುಗುವ ರೋಲರ್ ನಡುವೆ ಬೆರಳು ಸಿಕ್ಕದಂತೆ ಕಾಯುವುದು ಆ ಮುಚ್ಚಳದ ಸ್ವಿಚ್ಚೇ.

ಬದಲಿ ಸೆನ್ಸರ್ ಅಳತೆಯಲ್ಲಿ ಹೊಂದಿದರೆ ಸಾಲದು. ಪಿಎನ್‌ಪಿ ಜಾಗಕ್ಕೆ ಎನ್‌ಪಿಎನ್, ಸಾಮಾನ್ಯವಾಗಿ ತೆರೆದ ಬಗೆಯ ಜಾಗಕ್ಕೆ ಸಾಮಾನ್ಯವಾಗಿ ಮುಚ್ಚಿದ ಬಗೆಯದು ಬಂದರೆ ಹೊಸ ದೋಷ ಹುಟ್ಟುತ್ತದೆ. ಮೈಯ ವಸ್ತುವೂ ಮುಖ್ಯ. ಅಲ್ಯೂಮಿನಿಯಂ ಮೈಯನ್ನು ಕ್ಷಾರ ತಿನ್ನುತ್ತದೆ, ಪಾಲಿಕಾರ್ಬೊನೇಟ್ ಮಸೂರ ಕ್ಷಾರದ ಆವಿಗೂ ಹನಿಗೂ ಬಿರಿದು ಮಂಜಾಗುತ್ತದೆ. ಸ್ಟೇನ್‌ಲೆಸ್ ಉಕ್ಕು, ಪಾಲಿಪ್ರೊಪಿಲೀನ್ ಬಾಳುತ್ತವೆ.

ಕೂರಿಸಿದ ಮೇಲೆ ಅಳತೆ ಗೊತ್ತಿರುವ ಒಂದು ಪ್ಲೇಟನ್ನು ಹಾಯಿಸಿ ಎಣಿಕೆಯಲ್ಲಿ ಸೇರಿದ ಚದರ ಮೀಟರನ್ನು ನೋಡಬೇಕು. ಪಂಪಿನ ನಳಿಕೆಯನ್ನು ಅಳತೆ ಕೊಳವೆಗೆ ಇಳಿಸಿ, ಅದೇ ಪ್ಲೇಟಿಗೆ ನಿಜವಾಗಿ ಬಿದ್ದ ಮಿಲಿಲೀಟರನ್ನು ಅಳೆಯಬೇಕು. ಸೆನ್ಸರ್ ಸರಿಹೋಗಿ ಪಂಪು ಸವೆದಿದ್ದರೆ ಅದು ಇಲ್ಲೇ ತಿಳಿಯುತ್ತದೆ. ಹೊಸ ಸೆನ್ಸರ್ ತೊಟ್ಟಿಯಲ್ಲಿನ ಹಳೆಯ ದ್ರಾವಣವನ್ನು ಸರಿಮಾಡುವುದಿಲ್ಲ. ತಪ್ಪು ಲೆಕ್ಕದಲ್ಲಿ ವಾರಗಟ್ಟಲೆ ಸಾಗಿದ ಡೆವಲಪರನ್ನು ನೀರು ಬೆರೆಸಿಯೋ ಹೊಸ ದ್ರಾವಣ ಸೇರಿಸಿಯೋ ಹದಕ್ಕೆ ತರಲು ಹೋಗುವುದಕ್ಕಿಂತ ತೊಟ್ಟಿ ಖಾಲಿ ಮಾಡಿ ಹೊಸದು ತುಂಬುವುದೇ ಲೇಸು. ಹಳೆಯದು ಚರಂಡಿಗೆ ಹೋಗಬಾರದು, ಕ್ಷಾರತ್ಯಾಜ್ಯವಾಗಿ ಬೇರೆ ಸಂಗ್ರಹವಾಗಬೇಕು. ಆನಂತರ ನಿಯಂತ್ರಣ ಪಟ್ಟಿ ಬರೆದ ಪ್ಲೇಟುಗಳನ್ನು ಒಂದೇ ಲೇಸರ್ ಶಕ್ತಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಾಯಿಸಿ 50 ಶೇಕಡಾ ಡಾಟನ್ನು ಪ್ಲೇಟ್ ಮಾಪಕದಲ್ಲಿ ಅಳೆದು ಬರೆದಿಡುತ್ತಾರೆ. ಮೂರೂ ಹೊತ್ತಿನ ಅಳತೆ ಕೆಲವು ದಿನಗಳವರೆಗೆ ಒಂದೇ ನೆಲೆಯಲ್ಲಿ ನಿಂತ ಮೇಲೆ ಯಂತ್ರವನ್ನು ಮರಳಿ ಪೂರ್ತಿ ಕೆಲಸಕ್ಕೆ ಬಿಡಲಾಗುತ್ತದೆ.